ರಕ್ತವನ್ನು ಅಳೆದವರು: ಬೆಳಗಾವಿಯ ಒಂದು ಸಂಶೋಧನೆಯ ವಿಮರ್ಶೆ

ಪ್ರಸೂತಿಶಾಸ್ತ್ರದ ಸಂಶೋಧನಾ ಲೇಖನವೊಂದನ್ನು ಭೌತವಿಜ್ಞಾನದ ಅಧ್ಯಾಪಕ ವಿಮರ್ಶಿಸುವುದು ಅಧಿಕಪ್ರಸಂಗವೆಂದು ಕೆಲವರಿಗೆ ಅನ್ನಿಸಬಹುದು. ಔಷಧದ ಗುಣಾವಗುಣಗಳ ಬಗ್ಗೆ ತೀರ್ಪು ಕೊಡುವ ಅರ್ಹತೆ ನನಗಿಲ್ಲ, ನಿಜ. ಆದರೆ ನಾನಿಲ್ಲಿ ಎತ್ತಿಕೊಂಡಿರುವ ಲೇಖನದ ಜೀವಾಳ ಇರುವುದು ಅಳತೆಯಲ್ಲಿ. ಅಳತೆಯ ದೋಷಗಳನ್ನು ಹುಡುಕುವುದೇ ಕಸುಬಾಗಿರುವ ನಮ್ಮಂಥವರು ಅದನ್ನು ಓದಲೇಬೇಕು. ವಿಜ್ಞಾನ ಶಿಕ್ಷಕರಾದ ನೀವು ತರಗತಿಗೂ ಒಯ್ಯಬಹುದಾದ ಲೇಖನ ಅದು.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರಾದ ಬಿ.ಎಸ್. ಕೊಡ್ಕಣಿ, ಎಸ್.ಎಸ್. ಗೌಡರ್ ಮತ್ತು ಅವರ ಸಂಗಡಿಗರು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡದೊಂದಿಗೆ ಸೇರಿ ನಡೆಸಿದ ಈ ಅಧ್ಯಯನ 2006ರ ಅಕ್ಟೋಬರ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಉಪಯುಕ್ತವೇ ಎಂಬುದು ಅವರ ಪ್ರಶ್ನೆ. ಪ್ರಯೋಗ ನಡೆದದ್ದು ದೊಡ್ಡಾಸ್ಪತ್ರೆಯ ವಾರ್ಡಿನಲ್ಲಲ್ಲ, ಬೆಳಗಾವಿ ಜಿಲ್ಲೆಯ 4 ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯ ಹಳ್ಳಿಗಳಲ್ಲಿ. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತವನ್ನು ಅಳೆದವರು ವೈದ್ಯರಲ್ಲ. 25 ಮಂದಿ ಎ.ಎನ್.ಎಂ.ಗಳು, ಅಂದರೆ ನಾವು ಹಳ್ಳಿಯಲ್ಲಿ ‘ನರ್ಸಮ್ಮ’ ಎಂದು ಕರೆಯುವ ಕಿರಿಯ ಆರೋಗ್ಯ ಸಹಾಯಕಿಯರು.

ಮೊದಲು ಸಮಸ್ಯೆಯನ್ನು ನೋಡೋಣ. ಮಗು ಹುಟ್ಟಿದ ಮೇಲೆ ಮಾಸು ಗರ್ಭಕೋಶದ ಗೋಡೆಯಿಂದ ಕಳಚಿಕೊಳ್ಳುತ್ತದೆ. ಅದು ಅಂಟಿಕೊಂಡಿದ್ದ ಜಾಗದಲ್ಲಿ ರಕ್ತನಾಳಗಳ ಬಾಯಿ ತೆರೆದೇ ಇರುತ್ತದೆ. ತುಂಬು ಗರ್ಭದಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿನಷ್ಟು ರಕ್ತ ಹರಿಯುತ್ತಿರುತ್ತದೆ ಎಂಬುದನ್ನು ನೆನಪಿಡಿ. ಈ ಹರಿವನ್ನು ನಿಲ್ಲಿಸುವುದು ಮುಖ್ಯವಾಗಿ ಗರ್ಭಕೋಶದ ಸ್ನಾಯುಗಳೇ. ಒಂದರೊಳಗೊಂದು ಹೆಣೆದ ಸ್ನಾಯುವಿನ ಎಳೆಗಳು ಬಿಗಿಯಾಗಿ ಸಂಕುಚಿಸಿ ನಡುವೆ ಹಾಯುವ ನಾಳಗಳನ್ನು ಹಿಸುಕಿಬಿಡುತ್ತವೆ. ಸ್ನಾಯು ಸೋತು ಸಡಿಲಾದರೆ ರಕ್ತ ನಿಲ್ಲುವುದಿಲ್ಲ, ಬಾಣಂತಿಯ ಪ್ರಾಣಕ್ಕೆ ಕುತ್ತು. ಭಾರತದಲ್ಲಿ 2001-03ರ ಅವಧಿಯಲ್ಲಿ ಪ್ರತಿ ಲಕ್ಷ ಜೀವಂತ ಜನನಗಳಿಗೆ 301 ತಾಯಂದಿರು ಸಾಯುತ್ತಿದ್ದರು. ಅದರ ಕಾರಣಗಳಲ್ಲಿ ರಕ್ತಸ್ರಾವ ಮೊದಲ ಸಾಲಿನಲ್ಲಿತ್ತು.

ಸ್ನಾಯುವನ್ನು ಬಿಗಿಗೊಳಿಸಲು ಆಸ್ಪತ್ರೆಗಳಲ್ಲಿ ಕೊಡುವುದು ಆಕ್ಸಿಟೋಸಿನ್ ಚುಚ್ಚುಮದ್ದು. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕಾಪಾಡಬೇಕು, ಸಿರಿಂಜು ಬೇಕು, ಚುಚ್ಚಲು ತರಬೇತಾದ ಕೈ ಬೇಕು. ಕರೆಂಟೇ ಇಲ್ಲದ ಉಪಕೇಂದ್ರದಲ್ಲಿ, ಮನೆಯ ನಡುಕೋಣೆಯಲ್ಲಿ ನಡೆಯುವ ಹೆರಿಗೆಗೆ ಇದೆಲ್ಲ ಎಲ್ಲಿಂದ ಬರಬೇಕು? ಮೂಲತಃ ಜಠರದ ಹುಣ್ಣಿಗೆಂದು ತಯಾರಾದ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನೂ ಸಂಕುಚಿಸುತ್ತದೆ. ಅದು ಬಾಯಿಗೆ ಹಾಕುವ ಮಾತ್ರೆ, ಶೀತಲ ಪೆಟ್ಟಿಗೆ ಬೇಡ, ತೇವ ತಗಲದಂತೆ ನೋಡಿಕೊಂಡರೆ ಸಾಕು.

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ 1620 ಮಹಿಳೆಯರು ಈ ಪ್ರಯೋಗದಲ್ಲಿ ಪಾಲ್ಗೊಂಡರು. 812 ಮಂದಿಗೆ 600 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ನೋಡಲು ಅದರಂತೆಯೇ ಇರುವ ಹುಸಿಗುಳಿಗೆ. ಯಾರಿಗೆ ಯಾವುದು ಎಂಬುದನ್ನು ನಿರ್ಧರಿಸಿದ್ದು ಯಾದೃಚ್ಛಿಕ ಆಯ್ಕೆ. ಕೊಟ್ಟವರಿಗೂ ತೆಗೆದುಕೊಂಡವರಿಗೂ ಅದು ಗೊತ್ತಿರಲಿಲ್ಲ. ಹೆರಿಗೆಯಾದ 2 ಗಂಟೆಯೊಳಗೆ 500 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ‘ಅತಿ ರಕ್ತಸ್ರಾವ’, 1000 ಮಿ.ಲೀ. ಮುಟ್ಟಿದರೆ ‘ತೀವ್ರ’.

ನನ್ನ ಗಮನ ಸೆಳೆದದ್ದು ಇಲ್ಲಿ. 500 ಮಿ.ಲೀ. ಎಂದು ಹೇಳುವುದು ಹೇಗೆ? ಹಾಸಿದ ಬಟ್ಟೆಗೆ ಹೀರಿಕೊಂಡ, ನೆಲಕ್ಕೆ ಹರಿದ, ಬಟ್ಟಲಿಗೆ ಬಿದ್ದ ರಕ್ತವನ್ನು ನೋಡಿ ‘ಇಷ್ಟಿರಬಹುದು’ ಎಂದು ಅಂದಾಜಿಸುವುದು ಜಗತ್ತಿನಾದ್ಯಂತ ನಡೆದುಬಂದಿದ್ದ ಪದ್ಧತಿ. ನಮ್ಮ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯೊಬ್ಬ ಬ್ಯೂರೆಟ್ಟನ್ನು ಪಕ್ಕಕ್ಕಿಟ್ಟು ‘ಸುಮಾರು ಇಷ್ಟು’ ಎಂದು ಬರೆದರೆ ನಾವು ಸುಮ್ಮನಿರುತ್ತೇವೆಯೇ? ಒಂದು ಜೀವದ ಅಳಿವು ಉಳಿವಿನ ಪ್ರಶ್ನೆಯಲ್ಲಿ ಮಾತ್ರ ಕಣ್ಣಂದಾಜು ನಡೆಯುತ್ತಿತ್ತು!

ಬೆಳಗಾವಿಯ ಬಳಗ ಮೊದಲು ಮಾಡಿದ್ದು ಉಪಕರಣವನ್ನು. ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುವ ಪ್ಲಾಸ್ಟಿಕ್ ಹಾಳೆ ಅದು. ಅದರ ಇಳಿಬಿದ್ದ ತುದಿ ಆಲಿಕೆಯಂತೆ ಕಿರಿದಾಗುತ್ತ ಚೀಲವಾಗುತ್ತದೆ, ಚೀಲದ ಮೇಲೆ ಮಿಲಿಲೀಟರಿನ ಗುರುತುಗಳಿವೆ. ಅಷ್ಟೇ. ಅದನ್ನು ರೂಪಿಸಿದ 7 ಜನರ ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ‘ಬ್ರಾಸ್-ವಿ’ ಎಂದು ಹೆಸರಿಟ್ಟರು. ತಳ ಕಿರಿದಾಗಿರುವುದರ ಜಾಣ್ಮೆಯನ್ನು ನಿಮ್ಮ ವಿದ್ಯಾರ್ಥಿಗಳಿಗೆ ತೋರಿಸಿ. ಅಡ್ಡಕೊಯ್ತ ಚಿಕ್ಕದಾದಷ್ಟೂ ಅದೇ ಗಾತ್ರದ ದ್ರವ ಹೆಚ್ಚು ಎತ್ತರಕ್ಕೆ ನಿಲ್ಲುತ್ತದೆ, ಓದುವುದು ಸುಲಭ. ಅಗಲವಾದ ಬಾಣಲೆಯಲ್ಲಿ ಅಳೆಯುವುದಕ್ಕೂ ಅಳತೆ ಜಾಡಿಯಲ್ಲಿ ಅಳೆಯುವುದಕ್ಕೂ ಇರುವ ವ್ಯತ್ಯಾಸವೇ ಇದು.

ಉಪಕರಣವನ್ನು ಪರೀಕ್ಷಿಸಿದ ವಿವರ 2006ರಲ್ಲೇ ಪ್ರತ್ಯೇಕ ಲೇಖನವಾಗಿ ಬಂದಿತು. ಬೆಳಗಾವಿ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯಾದ 123 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದರಲ್ಲಿ ಕಣ್ಣಂದಾಜು, ಇನ್ನೊಂದರಲ್ಲಿ ಚೀಲ. ಕಣ್ಣಂದಾಜು ಚೀಲದ ಅಳತೆಗಿಂತ ಶೇಕಡಾ 33ರಷ್ಟು ಕಡಿಮೆ ಬಂದಿತು. ಇದರ ಅರ್ಥವನ್ನು ಲೆಕ್ಕ ಹಾಕಿ ನೋಡಿ. ನಿಜವಾಗಿ 700 ಮಿ.ಲೀ. ಕಳೆದುಕೊಂಡ ಬಾಣಂತಿ ಕಣ್ಣಂದಾಜಿನಲ್ಲಿ 469 ಮಿ.ಲೀ. ಎಂದು ದಾಖಲಾಗುತ್ತಾಳೆ. ಪುಸ್ತಕದ ಪ್ರಕಾರ ಆಕೆಗೆ ಏನೂ ಆಗಿಲ್ಲ. ಈ ದೋಷ ಕೆಲವೊಮ್ಮೆ ಹೆಚ್ಚು, ಕೆಲವೊಮ್ಮೆ ಕಡಿಮೆ ಎಂಬ ಯಾದೃಚ್ಛಿಕ ದೋಷವಲ್ಲ, ಒಂದೇ ದಿಕ್ಕಿಗೆ ಎಳೆಯುವ ವ್ಯವಸ್ಥಿತ ದೋಷ. ಎಷ್ಟು ಸಾವಿರ ಹೆರಿಗೆಗಳ ಸರಾಸರಿ ತೆಗೆದರೂ ಅದು ಅಳಿಯುವುದಿಲ್ಲ. ಬೇಕಾದರೆ ಒಂದು ಬಕೆಟ್ ಕೆಂಪು ಬಣ್ಣದ ನೀರು, ಹಳೆಯ ಸೀರೆ, ಅಳತೆ ಜಾಡಿ ಇಟ್ಟುಕೊಂಡು ನಿಮ್ಮ ತರಗತಿಯಲ್ಲಿ ಪರೀಕ್ಷಿಸಿ ನೋಡಿ. ಮಕ್ಕಳ ಅಂದಾಜುಗಳನ್ನು ನಕ್ಷೆಯ ಮೇಲೆ ಗುರುತಿಸಿದರೆ ಆ ಎರಡು ಬಗೆಯ ದೋಷಗಳ ಪಾಠ ಒಂದೇ ಅವಧಿಯಲ್ಲಿ ಮುಗಿಯುತ್ತದೆ.

ಆದರೆ ಇದೇ ಲೇಖನದ ಬಗ್ಗೆ ನನ್ನ ಮೊದಲ ಆಕ್ಷೇಪವೂ ಇದೆ. ಚೀಲದ ಅಳತೆಯನ್ನು ಸ್ಪೆಕ್ಟ್ರೊಫೋಟೊಮೀಟರಿನ ಅಳತೆಗೆ ಹೋಲಿಸಿ, ಇವೆರಡರ ಸಹಸಂಬಂಧ ಗುಣಾಂಕ 0.92 ಎಂದು ವರದಿ ಮಾಡಿದ್ದಾರೆ. ಹೋಲಿಸಿದ್ದು ಕೇವಲ 10 ಮಾದರಿಗಳನ್ನು. 10 ಬಿಂದುಗಳಿಂದ ಒಂದು ಉಪಕರಣದ ಅಂಶಾಂಕನವನ್ನು ಒಪ್ಪಿಬಿಡಲು ನಮ್ಮ ಬಿ.ಎಸ್ಸಿ. ಪ್ರಯೋಗಶಾಲೆಯಲ್ಲೂ ಹಿಂಜರಿಯುತ್ತೇವೆ. ಅಲ್ಲದೆ ಸಹಸಂಬಂಧ ಬೇರೆ, ಹೊಂದಾಣಿಕೆ ಬೇರೆ. 1 ಕಿಲೋಗ್ರಾಮನ್ನು ಯಾವಾಗಲೂ 900 ಗ್ರಾಂ ಎಂದು ತೋರಿಸುವ ತಕ್ಕಡಿ ನಿಜವಾದ ತೂಕದೊಂದಿಗೆ ಪರಿಪೂರ್ಣ ಸಹಸಂಬಂಧ ಹೊಂದಿರುತ್ತದೆ, ಆದರೂ ಅದು ಸುಳ್ಳು ತಕ್ಕಡಿ. ಚೀಲದ ಓದಿಗೂ ನಿಜ ಗಾತ್ರಕ್ಕೂ ಇರುವ ವ್ಯತ್ಯಾಸವನ್ನು ಮಿಲಿಲೀಟರಿನಲ್ಲಿ, ಬೇರೆ ಬೇರೆ ಗಾತ್ರಗಳಿಗೆ ಕೋಷ್ಟಕ ಮಾಡಿ ಮುಂದಿಡಬೇಕಿತ್ತು. ಗರ್ಭೋದಕವೋ ಮೂತ್ರವೋ ಬೆರೆಯುವ ಸಾಧ್ಯತೆಯನ್ನೂ ಮರೆಯುವಂತಿಲ್ಲ.

ಹಾಗಾದರೆ ಮುಖ್ಯ ಪ್ರಯೋಗದ ತೀರ್ಮಾನ ಬಿದ್ದುಹೋಗುತ್ತದೆಯೇ? ಇಲ್ಲ. ಚೀಲದಲ್ಲಿ ಏನೇ ದೋಷವಿರಲಿ, ಅದು ಎರಡು ಗುಂಪಿಗೂ ಒಂದೇ. ಚೀಲ ಶೇಕಡಾ 10ರಷ್ಟು ಕಡಿಮೆ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಆಗ ‘500’ ಎಂಬ ಗೆರೆ ನಿಜವಾಗಿ 555 ಮಿ.ಲೀ. ಹತ್ತಿರ ಇರುತ್ತದೆ. ಎರಡೂ ಗುಂಪುಗಳಲ್ಲಿ ಗೆರೆ ದಾಟಿದವರ ಸಂಖ್ಯೆ ಕುಗ್ಗುತ್ತದೆ, ಆದರೆ ಯಾವ ಗುಂಪು ಮೇಲು ಎಂಬುದು ತಿರುಗುಮುರುಗಾಗುವುದಿಲ್ಲ. ಹೋಲಿಕೆಯ ಪ್ರಯೋಗಕ್ಕಿರುವ ಬಲ ಇದು.

ಈಗ ಫಲಿತಾಂಶ. ಹುಸಿಗುಳಿಗೆ ಪಡೆದವರಲ್ಲಿ ಶೇಕಡಾ 12.0 ಮಂದಿಗೆ ಅತಿ ರಕ್ತಸ್ರಾವವಾಯಿತು, ಮಿಸೊಪ್ರೊಸ್ಟಾಲ್ ಪಡೆದವರಲ್ಲಿ ಶೇಕಡಾ 6.4 ಮಂದಿಗೆ. ತೀವ್ರ ರಕ್ತಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿಯಿತು. ಸರಾಸರಿ ರಕ್ತನಷ್ಟ 262.3 ಮಿ.ಲೀ.ನಿಂದ 214.3 ಮಿ.ಲೀ.ಗೆ ಇಳಿಯಿತು. 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬರ ಅತಿ ರಕ್ತಸ್ರಾವ ತಪ್ಪುತ್ತದೆ ಎಂದು ಲೇಖಕರು ಹೇಳುತ್ತಾರೆ. 12.0ರಿಂದ 6.4 ಕಳೆದರೆ 5.6, ನೂರನ್ನು 5.6ರಿಂದ ಭಾಗಿಸಿದರೆ 17.9. ಲೆಕ್ಕ ಸರಿ. ‘ಅರ್ಧಕ್ಕೆ ಇಳಿಯಿತು’ ಎಂಬ ಸಾಪೇಕ್ಷ ಮಾತಿಗಿಂತ ‘18ಕ್ಕೆ ಒಂದು’ ಎಂಬ ನಿರಪೇಕ್ಷ ಮಾತು ಹೆಚ್ಚು ಪ್ರಾಮಾಣಿಕ. ಔಷಧ ಕಂಪನಿಗಳ ಜಾಹೀರಾತುಗಳಲ್ಲಿ ಮೊದಲನೆಯದೇ ಕಾಣುತ್ತದೆ, ಎರಡನೆಯದನ್ನು ಭೂತಗನ್ನಡಿ ಹಿಡಿದು ಹುಡುಕಬೇಕು. ಇವರು ಎರಡನ್ನೂ ಕೊಟ್ಟಿದ್ದಾರೆ.

ಸರಾಸರಿಯಲ್ಲಿ ಇಳಿದದ್ದು ಬರೀ 48 ಮಿ.ಲೀ. ಅರ್ಧ ಕಾಫಿ ಲೋಟದಷ್ಟೂ ಇಲ್ಲ. ಇಷ್ಟಕ್ಕೆ ರಕ್ತಸ್ರಾವದ ಪ್ರಕರಣಗಳು ಅರ್ಧವಾದದ್ದು ಹೇಗೆ? ಒಂದು ಚಿಕ್ಕ ಲೆಕ್ಕ ಮಾಡೋಣ. ಲಾಭವೆಲ್ಲ ಗೆರೆಯಿಂದ ಈಚೆಗೆ ಬಂದ ಶೇಕಡಾ 5.6 ಮಂದಿಗೇ ಆಯಿತೆಂದು ಭಾವಿಸಿದರೆ, 48 ಮಿ.ಲೀ. ಸರಾಸರಿ ಬರಲು ಅವರಲ್ಲಿ ಒಬ್ಬೊಬ್ಬರಿಗೂ ಸುಮಾರು 857 ಮಿ.ಲೀ. ಉಳಿದಿರಬೇಕು. 1000 ಮಿ.ಲೀ. ದಾಟಿದವರೇ ಶೇಕಡಾ 1.2 ಇರುವಾಗ ಇದು ಅಸಾಧ್ಯ. ಆದ್ದರಿಂದ ಮಾತ್ರೆ ಬಹುಪಾಲು ಎಲ್ಲರ ರಕ್ತನಷ್ಟವನ್ನೂ ಸ್ವಲ್ಪ ಸ್ವಲ್ಪ ಇಳಿಸಿದೆ, ಇಡೀ ವಿತರಣೆಯೇ ಎಡಕ್ಕೆ ಸರಿದಿದೆ. ವಿತರಣೆಯ ಬಾಲದಲ್ಲಿ ಒಂದು ಗೆರೆ ಎಳೆದು ಎಣಿಸಿದಾಗ ಚಿಕ್ಕ ಸರಿತವೂ ದೊಡ್ಡ ಇಳಿಕೆಯಾಗಿ ಕಾಣುತ್ತದೆ. 505 ಮಿ.ಲೀ. ಕಳೆದುಕೊಂಡವಳು ರೋಗಿ, 495 ಕಳೆದುಕೊಂಡವಳು ಆರೋಗ್ಯವಂತೆ ಎಂದು ದೇಹ ಹೇಳುವುದಿಲ್ಲ. ಗೆರೆ ಎಳೆದವರು ನಾವು. ಇಡೀ ವಿತರಣೆಯ ನಕ್ಷೆಯೇ ಇಂಥ ಲೇಖನದ ಮುಖ್ಯ ಚಿತ್ರವಾಗಬೇಕು ಎಂಬುದು ನನ್ನ ಅಭಿಪ್ರಾಯ.

ಗೆರೆಯ ಬಗ್ಗೆ ಇನ್ನೊಂದು ಮಾತು. 70 ಕಿಲೋ ತೂಗುವ, ರಕ್ತ ತುಂಬಿದ ಮೈಯ ಹೆಂಗಸಿಗೂ 42 ಕಿಲೋ ತೂಗುವ ರಕ್ತಹೀನೆಗೂ 500 ಮಿ.ಲೀ. ಒಂದೇ ಅಲ್ಲ. 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಶೇಕಡಾ 55ರಷ್ಟು ಮಹಿಳೆಯರಿಗೆ ರಕ್ತಹೀನತೆ ಇತ್ತು. ಅಂಥವರಿಗೆ 300 ಮಿ.ಲೀ. ಕೂಡ ಭಾರವಾಗಬಹುದು.

ತೀವ್ರ ರಕ್ತಸ್ರಾವದ ಅಂಕಿಗಳಿಗೆ ಬರುತ್ತೇನೆ. ಲೇಖನದ ಸಾರಾಂಶದಲ್ಲಿ ಸಾಪೇಕ್ಷ ಅಪಾಯ 0.20, ಶೇಕಡಾ 95ರ ವಿಶ್ವಾಸ ವ್ಯಾಪ್ತಿ 0.04ರಿಂದ 0.91 ಎಂದಿದೆ. ಅದರ ಪಕ್ಕದಲ್ಲೇ ಪಿ-ಮೌಲ್ಯ 0.0001ಕ್ಕಿಂತ ಕಡಿಮೆ ಎಂದೂ ಇದೆ. ಇವೆರಡೂ ಒಟ್ಟಿಗೆ ನಿಜವಾಗಲಾರವು. ಸಾಪೇಕ್ಷ ಅಪಾಯ 1 ಎಂದರೆ ಔಷಧದಿಂದ ಯಾವ ವ್ಯತ್ಯಾಸವೂ ಇಲ್ಲ ಎಂದು. ವ್ಯಾಪ್ತಿಯ ಮೇಲಂಚು 0.91ರಲ್ಲಿ, ಅಂದರೆ 1ರ ಮಗ್ಗುಲಲ್ಲೇ ಇರುವಾಗ ಪಿ-ಮೌಲ್ಯ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಶೇಕಡಾವಾರಿನಿಂದ ತಲೆ ಎಣಿಕೆಗೆ ಹೋದರೆ ಹುಸಿಗುಳಿಗೆಯ ಗುಂಪಿನಲ್ಲಿ 10, ಮಾತ್ರೆಯ ಗುಂಪಿನಲ್ಲಿ 2 ಪ್ರಕರಣಗಳು. ವಿಕಿರಣ ಎಣಿಕೆಯ ಪ್ರಯೋಗ ಮಾಡಿದ ವಿದ್ಯಾರ್ಥಿಗಳಿಗೆ ಗೊತ್ತು, ಎಣಿಕೆಯ ಅನಿಶ್ಚಿತತೆ ಅದರ ವರ್ಗಮೂಲದಷ್ಟು. ವ್ಯತ್ಯಾಸ 8, ಅದರ ಅನಿಶ್ಚಿತತೆ 12ರ ವರ್ಗಮೂಲ, ಅಂದರೆ ಸುಮಾರು 3.5. ಭಾಗಿಸಿದರೆ 2.3 ಮಾನಕ ವಿಚಲನೆ. ಬರೀ ಆಕಸ್ಮಿಕದಿಂದ ಹೀಗಾಗುವ ಸಂಭವ ನೂರರಲ್ಲಿ ಎರಡರ ಆಸುಪಾಸು. ಮಾತ್ರೆಯ ಗುಂಪಿನಲ್ಲಿ ಇನ್ನೊಂದೇ ಒಂದು ಪ್ರಕರಣ ಸೇರಿದ್ದರೆ ಈ ಅಂಕ 2ಕ್ಕಿಂತ ಕೆಳಗಿಳಿಯುತ್ತಿತ್ತು.

ಇದು ಅಚ್ಚಿನ ತಪ್ಪೋ ಲೆಕ್ಕದ ತಪ್ಪೋ, ಜಗತ್ತಿನ ಹೆಸರಾಂತ ವೈದ್ಯಪತ್ರಿಕೆಯ ಸಾರಾಂಶದಲ್ಲೇ ನುಸುಳಿದೆ. 500 ಮಿ.ಲೀ. ಗೆರೆಯ ಮಟ್ಟಿಗೆ ಇಂಥ ತೊಂದರೆ ಇಲ್ಲ. ಅಲ್ಲಿ ಸುಮಾರು 97 ಮತ್ತು 52ರ ಹೋಲಿಕೆ. ಇದೇ ವರ್ಗಮೂಲದ ವಿಧಾನದಿಂದ 3.7 ಮಾನಕ ವಿಚಲನೆ ಬರುತ್ತದೆ, ತೀರ್ಮಾನ ಗಟ್ಟಿ. ‘ತೀವ್ರ ರಕ್ತಸ್ರಾವ ಐದನೇ ಒಂದಕ್ಕೆ ಇಳಿಯಿತು’ ಎಂಬುದನ್ನು ಮಾತ್ರ ಅಷ್ಟೇ ಖಚಿತವಾಗಿ ಹೇಳುವಂತಿಲ್ಲ. ಸಾವುಗಳ ಬಗ್ಗೆಯಂತೂ ಈ ಅಧ್ಯಯನ ಮಾತನಾಡಲಾರದು. ಲಕ್ಷಕ್ಕೆ 301 ಎಂಬ ದರವನ್ನೇ ಹಿಡಿದರೂ 1620 ಹೆರಿಗೆಗಳಲ್ಲಿ ಎಲ್ಲ ಕಾರಣಗಳೂ ಸೇರಿ ನಿರೀಕ್ಷಿಸಬಹುದಾದ ಸಾವು 5. ಅದರಲ್ಲಿ ಹೆಚ್ಚು ಕಡಿಮೆಯನ್ನು ಹುಡುಕುವುದು ವ್ಯರ್ಥ.

ಲೇಖನದಲ್ಲಿ ನನಗೆ ತುಂಬ ಹಿಡಿಸಿದ ಒಂದು ವಾಕ್ಯವಿದೆ. ಕಾಲ ಕಳೆದಂತೆ ಅತಿ ರಕ್ತಸ್ರಾವದ ಪ್ರಮಾಣ ಎರಡೂ ಗುಂಪುಗಳಲ್ಲಿ ಕಡಿಮೆಯಾಗುತ್ತ ಹೋಯಿತು ಎನ್ನುತ್ತಾರೆ ಲೇಖಕರು. ಹುಸಿಗುಳಿಗೆ ತಿಂದವರಲ್ಲೂ! ಎದುರಿಗೇ ಗುರುತು ಹಾಕಿದ ಚೀಲವಿದ್ದು ರಕ್ತ ಏರುತ್ತಿರುವುದು ಕಾಣುತ್ತಿದ್ದರೆ ನರ್ಸಮ್ಮನ ಕೈ ಚುರುಕಾಗುವುದು ಸಹಜ. ಕಾರಣ ಅದೇ ಎಂದು ಈ ಪ್ರಯೋಗ ಸಾಧಿಸುವುದಿಲ್ಲ, ನನ್ನದು ಊಹೆ. ಆದರೆ ಹುಸಿಗುಳಿಗೆಯ ಗುಂಪೇ ಇಲ್ಲದೆ, ‘ಮಾತ್ರೆ ಕೊಡುವ ಮುಂಚೆ ಇಷ್ಟು, ಕೊಟ್ಟ ಮೇಲೆ ಇಷ್ಟು’ ಎಂದು ಹೋಲಿಸಿದ್ದರೆ ಈ ಇಳಿಕೆಯ ಕೀರ್ತಿಯೂ ಮಾತ್ರೆಯ ಪಾಲಾಗುತ್ತಿತ್ತು. ನಿಯಂತ್ರಿತ ಪ್ರಯೋಗ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪಠ್ಯಪುಸ್ತಕದಲ್ಲಿ ಸಿಗಲಿಕ್ಕಿಲ್ಲ.

ಗೋಪ್ಯತೆಯ ಬಗ್ಗೆ ಒಂದು ಸಂದೇಹ ಉಳಿಯುತ್ತದೆ. ಮಿಸೊಪ್ರೊಸ್ಟಾಲ್ ತೆಗೆದುಕೊಂಡವರಿಗೆ ಚಳಿ, ಜ್ವರ ಹೆಚ್ಚಾಗಿ ಬಂದವು. ಅವು ತಾತ್ಕಾಲಿಕ ಎಂದು ವರದಿ ಹೇಳುತ್ತದೆ. ಆದರೆ ಬಾಣಂತಿ ಗಡಗಡ ನಡುಗತೊಡಗಿದರೆ ಅನುಭವಸ್ಥ ನರ್ಸಮ್ಮನಿಗೆ ಗುಳಿಗೆ ಯಾವುದೆಂದು ತಿಳಿಯದೇ ಇರುತ್ತದೆಯೇ? ರಕ್ತವನ್ನು ಅಳೆದವರೂ ಆಕೆಯೇ. ಕಣ್ಣಂದಾಜಿನ ಅಳತೆಯಾಗಿದ್ದರೆ ಇಲ್ಲಿಗೆ ನಾನು ಲೇಖನವನ್ನು ಮುಚ್ಚಿಡುತ್ತಿದ್ದೆ. ಗುರುತು ನೋಡಿ ಓದುವ ಅಳತೆಯಾದ್ದರಿಂದ ಪಕ್ಷಪಾತಕ್ಕೆ ಜಾಗ ಕಡಿಮೆ.

ಹುಸಿಗುಳಿಗೆ ಕೊಟ್ಟದ್ದು ನ್ಯಾಯವೇ ಎಂಬುದು ಕಠಿಣ ಪ್ರಶ್ನೆ. ಹೊಸ ಚಿಕಿತ್ಸೆಯನ್ನು ಲಭ್ಯವಿರುವ ಅತ್ಯುತ್ತಮ ಚಿಕಿತ್ಸೆಯೊಂದಿಗೆ ಹೋಲಿಸಬೇಕೆಂದು ಹೆಲ್ಸಿಂಕಿ ಘೋಷಣೆಯ 2000ದ ಪಾಠ ಹೇಳಿತ್ತು. 2002ರಲ್ಲಿ ಅದಕ್ಕೊಂದು ವಿವರಣೆ ಸೇರಿಸಿ ಸ್ವಲ್ಪ ಸಡಿಲಿಸಲಾಯಿತು. ಅತ್ಯುತ್ತಮ ಚಿಕಿತ್ಸೆ ಆಕ್ಸಿಟೋಸಿನ್ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಆ ಹಳ್ಳಿಗಳಲ್ಲಿ ಅಂದು ವಾಸ್ತವವಾಗಿ ಸಿಗುತ್ತಿದ್ದದ್ದು ಯಾವ ಮದ್ದೂ ಇಲ್ಲದ ಹೆರಿಗೆ. ಬಡತನವನ್ನೇ ಮಾನದಂಡ ಮಾಡಿಕೊಂಡರೆಂಬ ಟೀಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಹಾಗಿದ್ದೂ ‘ಚುಚ್ಚುಮದ್ದು ಇಲ್ಲದ ಕಡೆ ಮಾತ್ರೆ ಪ್ರಯೋಜನಕಾರಿಯೇ’ ಎಂಬ ಪ್ರಶ್ನೆಗೆ ಉತ್ತರ ಸಿಗಲು ಬೇರೆ ದಾರಿ ನನಗೆ ತೋಚುವುದಿಲ್ಲ. ನನ್ನ ಒತ್ತಾಯ ಇಷ್ಟೇ: ಉತ್ತರವನ್ನು ಆ ಪ್ರಶ್ನೆಯ ಎಲ್ಲೆಯೊಳಗೇ ಇಡಬೇಕು. 2001ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಪ್ರಯೋಗದಲ್ಲಿ, ಆಸ್ಪತ್ರೆಗಳಲ್ಲಿ 18,000ಕ್ಕೂ ಹೆಚ್ಚು ಮಹಿಳೆಯರಿಗೆ ಇದೇ 600 ಮೈಕ್ರೊಗ್ರಾಂ ಮಾತ್ರೆಯನ್ನೋ ಆಕ್ಸಿಟೋಸಿನ್ ಅನ್ನೋ ಕೊಟ್ಟು ನೋಡಿದ್ದರು. 1000 ಮಿ.ಲೀ. ರಕ್ತನಷ್ಟ ಮುಟ್ಟಿದವರು ಮಾತ್ರೆಯ ಗುಂಪಿನಲ್ಲಿ ಶೇಕಡಾ 4, ಆಕ್ಸಿಟೋಸಿನ್ ಗುಂಪಿನಲ್ಲಿ ಶೇಕಡಾ 3. ಚುಚ್ಚುಮದ್ದು ಇರುವ ಕಡೆ ಚುಚ್ಚುಮದ್ದೇ ಮೇಲು.

ಈ ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟಾಗ ಒಂದು ವಿಚಿತ್ರ ಕಾಣುತ್ತದೆ. ಅಲ್ಲಿ ಔಷಧ ಪಡೆದವರಲ್ಲಿ ತೀವ್ರ ರಕ್ತಸ್ರಾವ ಶೇಕಡಾ 3-4, ಬೆಳಗಾವಿಯಲ್ಲಿ ಔಷಧವನ್ನೇ ಪಡೆಯದವರಲ್ಲಿ ಶೇಕಡಾ 1.2! ಹಾಗೆಂದು ಔಷಧ ಕೆಡುಕು ಎಂದು ತೀರ್ಮಾನಿಸುವಿರಾ? ಜನ ಬೇರೆ, ಹೆರಿಗೆಯ ಸ್ವರೂಪ ಬೇರೆ, ಅಳತೆಯ ವಿಧಾನ ಬೇರೆ. ಒಂದು ಪ್ರಯೋಗದೊಳಗಿನ ಎರಡು ಗುಂಪುಗಳನ್ನು ಹೋಲಿಸಬಹುದು, ಎರಡು ಪ್ರಯೋಗಗಳ ಒಂದೊಂದು ಗುಂಪನ್ನು ಹೋಲಿಸುವಂತಿಲ್ಲ. ಪತ್ರಿಕೆಗಳ ಆರೋಗ್ಯ ಪುಟಗಳಲ್ಲಿ ಈ ತಪ್ಪು ಆಗಾಗ ಕಾಣುತ್ತದೆ.

ಮಿಸೊಪ್ರೊಸ್ಟಾಲ್ 2011ರಲ್ಲಿ ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವ ಮದ್ದಾಗಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿತು. ಬೆಳಗಾವಿಯ ಹೆಸರು ಹೆಚ್ಚಾಗಿ ಆ ಮಾತ್ರೆಯ ಜೊತೆಗೇ ಕೇಳಿಬರುತ್ತದೆ. ಚೀಲಕ್ಕೆ ಅಷ್ಟು ಮನ್ನಣೆ ಸಿಗಲು ತಡವಾಯಿತು. 2023ರಲ್ಲಿ ‘ಇ-ಮೋಟಿವ್’ ಎಂಬ ಪ್ರಯೋಗದ ವರದಿ ಬಂದಿತು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ ಮತ್ತು ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ, 2,10,000ಕ್ಕೂ ಹೆಚ್ಚು ಹೆರಿಗೆಗಳಲ್ಲಿ ನಡೆದ ಪ್ರಯೋಗ ಅದು. ಒಂದು ಕಡೆ ಇದೇ ಬಗೆಯ ಗುರುತು ಹಾಕಿದ ಚೀಲ, ಜೊತೆಗೆ ರಕ್ತಸ್ರಾವ ಕಂಡೊಡನೆ ಒಟ್ಟಿಗೇ ಮಾಡಬೇಕಾದ ಕೆಲವು ಉಪಚಾರಗಳು. ಇನ್ನೊಂದು ಕಡೆ ಎಂದಿನ ಪದ್ಧತಿ. ಎಂದಿನ ಪದ್ಧತಿಯಲ್ಲಿ ಅತಿ ರಕ್ತಸ್ರಾವದ ಶೇಕಡಾ 51.1 ಪ್ರಕರಣಗಳಷ್ಟೇ ಪತ್ತೆಯಾದವು, ಚೀಲ ಇದ್ದಲ್ಲಿ ಶೇಕಡಾ 93.1. ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಅಥವಾ ಸಾವು, ಈ ಮೂರನ್ನೂ ಸೇರಿಸಿ ಎಣಿಸಿದರೆ ಶೇಕಡಾ 4.3ರಿಂದ 1.6ಕ್ಕೆ ಇಳಿಯಿತು. ಇದರಲ್ಲಿ ಚೀಲದ ಪಾಲೆಷ್ಟು, ಉಪಚಾರಗಳ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು, ಎರಡನ್ನೂ ಒಂದೇ ಕಟ್ಟಿನಲ್ಲಿ ಕೊಟ್ಟಿದ್ದರು.

ಆ ಪ್ರಯೋಗದಲ್ಲಿ ಉಪಚಾರ ಆರಂಭಿಸಲು 500 ಮಿ.ಲೀ. ತುಂಬುವವರೆಗೆ ಕಾಯಬೇಕಾಗಿರಲಿಲ್ಲ. ಚೀಲದಲ್ಲಿ 300 ಮಿ.ಲೀ. ಕಂಡು, ನಾಡಿ ಅಥವಾ ರಕ್ತದೊತ್ತಡದಂಥ ಯಾವುದಾದರೊಂದು ಲಕ್ಷಣ ಏರುಪೇರಾಗಿದ್ದರೆ ಕೂಡಲೇ ಮುಂದುವರಿಯಬೇಕಿತ್ತು. 2025ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯೂ ಇದನ್ನೇ ಹೇಳಿತು, ಗುರುತು ಹಾಕಿದ ಚೀಲದಿಂದಲೇ ಅಳೆಯಬೇಕೆಂದೂ ಹೇಳಿತು.